ಯೂನಿಯನ್ ಅರ್ಜಿಗೆ ಸಹಿ ಹಾಕಿದ ನಾಲ್ಕನೇ ದಿನ ಮನೆಗೆ ಸ್ವೀಟ್ ಬಾಕ್ಸ್ ಬಂತು

ಬೀಜ ಆರಿಸುವವಳು | ಫೆಬ್ರವರಿ 8, ರಾತ್ರಿ 9:40

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಎಲ್ಲರೂ ಬರೆದದ್ದು ಓದ್ತಾ ಇದ್ದೆ, ನಾನು ಬರೀತಿರೋದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಕುಶಾಲನಗರ ಹತ್ತಿರ ಕೂಡ್ಲೂರು ಇಂಡಸ್ಟ್ರಿಯಲ್ ಏರಿಯಾದ ಒಂದು ಕಾಫಿ ಕ್ಯೂರಿಂಗ್‌ನಲ್ಲಿ (ಒಣ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಕಾರ್ಖಾನೆ) ಒಂಬತ್ತು ವರ್ಷದಿಂದ ಇದ್ದೇನೆ. ಮೊದಲು ಕೆಳಗೆ ಕೂತು ಕರಿಬೀಜ, ಒಡಕು ಆರಿಸ್ತಿದ್ದೆ. ಬಣ್ಣ ನೋಡಿ ಬೀಜ ಆರಿಸೋ ಕಲರ್ ಸಾರ್ಟರ್ ಮೆಷಿನ್ ಬಂದ ಮೇಲೆ ಅರ್ಧ ಹೆಂಗಸರು ಮನೆಗೆ ಹೋದರು, ನಾನು ಮೆಷಿನ್ ಹತ್ತಿರ ಉಳಿದೆ. ಒಟ್ಟು 140 ಜನ ಇದ್ದೀವಿ. ಒಂಬತ್ತು ವರ್ಷ ಅಂದೆನಲ್ಲ, ಆಫೀಸಿನ ಲೆಕ್ಕದಲ್ಲಿ ಅದು ಒಂಬತ್ತು ವರ್ಷ ಅಲ್ಲ, ಒಂಬತ್ತು ಸಲ. ಮಳೆ ಹಿಡಿದು ಕೆಲಸ ಕಮ್ಮಿಯಾದಾಗ 'ಬ್ರೇಕ್' ಅಂತ ಕಳಿಸ್ತಾರೆ, ಸೀಸನ್ ಶುರುವಾಗುವಾಗ ಹೊಸ ಕಾರ್ಡ್ ಕೊಡ್ತಾರೆ. ಹಾಗಾಗಿ ನಾನು ಪ್ರತಿ ವರ್ಷ ಹೊಸಬಳು.

ಹುತ್ತರಿ ಕಳೆದ ಮೇಲೆ ಒಂದು ಭಾನುವಾರ ನಮ್ಮಲ್ಲೊಬ್ಬರ ಮನೆಯಲ್ಲಿ 22 ಜನ ಸೇರಿದ್ವಿ. ಬ್ರೇಕ್ ವಿಷಯ, ಹೆಂಗಸರಿಗೆ ಎರಡೇ ಟಾಯ್ಲೆಟ್ ಇರೋ ವಿಷಯ, ಸೀಸನ್‌ನಲ್ಲಿ ರಾತ್ರಿ 8ಕ್ಕೆ ಬಿಟ್ಟರೆ ಶನಿವಾರಸಂತೆ ಕಡೆಯವರಿಗೆ ಮನೆ ಸೇರೋ ದಾರಿ ಇಲ್ಲದ ವಿಷಯ. ಯೂನಿಯನ್ ಮಾಡೋಣ ಅಂತ ಆಯ್ತು. 22 ಜನ ಮೆಂಬರ್, ನೋಂದಣಿ ಅರ್ಜಿಗೆ 11 ಜನರ ಸಹಿ. ಜನವರಿ 5, ಸೋಮವಾರ ಅರ್ಜಿ ಹೋಯ್ತು.

ಶುಕ್ರವಾರ ಸಂಜೆ ಕೆಲಸ ಬಿಟ್ಟು ಬರ್ತೀನಿ, ಮ್ಯಾನೇಜರ್ ನಮ್ಮ ಮನೆ ಜಗಲಿಯಲ್ಲಿ ಕೂತಿದ್ದಾರೆ. ಅತ್ತೆ ಕಾಫಿ ಕೊಟ್ಟಿದ್ರು. ಪಕ್ಕದಲ್ಲಿ ಒಂದು ಕೆಜಿ ಸ್ವೀಟ್ ಬಾಕ್ಸ್. ಯೂನಿಯನ್ ಅನ್ನೋ ಶಬ್ದವನ್ನೇ ಅವರು ಎತ್ತಲಿಲ್ಲ. "ನಿಮ್ಮ ಸೊಸೆ ಒಳ್ಳೆ ಕೆಲಸಗಾರ್ತಿ ಅಮ್ಮ, ಯಾರೋ ದಾರಿ ತಪ್ಪಿಸ್ತಿದ್ದಾರೆ, ಹಿರಿಯರು ನೀವೊಂದು ಮಾತು ಹೇಳಿ" ಅಂದ್ರು. ಹೋಗುವಾಗ ಮಗನ ಪಿಯುಸಿ ಹೇಗೆ ನಡೀತಿದೆ ಅಂತಾನೂ ವಿಚಾರಿಸಿದ್ರು.

12ನೇ ತಾರೀಕು ನೋಟಿಸ್ ಬೋರ್ಡ್‌ನಲ್ಲಿ ದಿನಗೂಲಿ 25 ರೂಪಾಯಿ ಜಾಸ್ತಿ ಅಂತ ಬಂತು. ಮೂರು ವರ್ಷ ಕೇಳಿದರೂ ಆಗದೇ ಇದ್ದದ್ದು. ಅದೇ ವಾರ 'ಕಾರ್ಮಿಕರ ಕಲ್ಯಾಣ ಸಮಿತಿ' ಅಂತ ಒಂದು ಹುಟ್ಟಿಕೊಂಡಿತು, ಏಳು ಜನರ ಹೆಸರು ಆಫೀಸಿನಿಂದಲೇ ಟೈಪ್ ಆಗಿ ಬಂತು. ಅದರಲ್ಲಿ ನನ್ನ ನಾದಿನಿಯೂ ಇದ್ದಾಳೆ. ಈಗ ಊಟಕ್ಕೆ ಕೂತಾಗ ನಾವಿಬ್ಬರೂ ಮಳೆ ಬಿಸಿಲಿನ ವಿಷಯ ಮಾತ್ರ ಮಾತಾಡ್ತೀವಿ. 19ಕ್ಕೆ ಸಹಿ ಹಾಕಿದ್ದ ಇಬ್ಬರು ಗಂಡಸರನ್ನು ಸಿಪ್ಪೆ ಬಿಡಿಸೋ ಹಲ್ಲಿಂಗ್ ಮೆಷಿನ್‌ನಿಂದ ತೆಗೆದು ಗೋಡೌನ್‌ನಲ್ಲಿ ಮೂಟೆ ಹೊರೋಕೆ ಹಾಕಿದ್ರು. ಒಬ್ಬಳನ್ನು ಬೇರೆ ತಾಲೂಕಿನ ಡಿಪೋಗೆ ಕಳಿಸಿದ್ರು.

ಎಲ್ಲಕ್ಕಿಂತ ಕಷ್ಟದ್ದು ಇನ್ನೊಂದು. ನಮ್ಮ ಜೊತೆಯವಳೊಬ್ಬಳ ಗಂಡ ಸಾಹುಕಾರರ ಅಣ್ಣನ ತೋಟದಲ್ಲಿ ಕೆಲಸಕ್ಕಿದ್ದಾನೆ. ಸಂಸಾರ ಅಲ್ಲಿಯ ಲೈನ್‌ಮನೆಯಲ್ಲಿ, ಅಂದ್ರೆ ತೋಟದವರು ಕೆಲಸಗಾರರಿಗೆ ಕೊಟ್ಟಿರೋ ಸಾಲುಮನೆಯಲ್ಲಿ. ತೋಟದ ಹಾಜರಿ, ಲೆಕ್ಕ ಬರೆಯೋ ರೈಟರು ಅವನನ್ನು ಕರೆದು "ಮನೆ ರಿಪೇರಿಗೆ ಬೇಕಾಗಬಹುದು, ಬೇರೆ ಕಡೆ ನೋಡಿಟ್ಟುಕೋ" ಅಂದರಂತೆ. ಅಷ್ಟೇ ಅಂದದ್ದು.

ಈಗ ಒಂದು ಟೈಪ್ ಮಾಡಿದ ಕಾಗದ ತಿರುಗ್ತಾ ಇದೆ. "ವಿಷಯ ತಿಳಿಯದೆ ಸಹಿ ಮಾಡಿದ್ದೆ, ಹಿಂಪಡೆಯುತ್ತಿದ್ದೇನೆ" ಅಂತ. 11ರಲ್ಲಿ 4 ಜನ ಕೊಟ್ಟಾಯ್ತು. ಅರ್ಜಿ ಬಿದ್ದೇ ಹೋಯ್ತಾ? ಸ್ವೀಟ್ ತಂದದ್ದಕ್ಕೂ ಕೂಲಿ ಜಾಸ್ತಿ ಮಾಡಿದ್ದಕ್ಕೂ ನಾನು ಏನಂತ ದೂರು ಕೊಡಲಿ?

ಕೊಪ್ಪ ಸೇತುವೆ | ಫೆಬ್ರವರಿ 8, ರಾತ್ರಿ 9:58

ಸ್ವೀಟ್ ಏನಾಯ್ತು ಅಕ್ಕ?

ಬೀಜ ಆರಿಸುವವಳು | ರಾತ್ರಿ 10:03

ಅತ್ತೆ ಅಕ್ಕಪಕ್ಕದ ಮನೆಗೆಲ್ಲ ಹಂಚಿದ್ರು. ಮ್ಯಾನೇಜರೇ ಮನೆಗೆ ಬಂದಿದ್ರು ಅಂತ ಹೇಳಿಕೊಂಡು.

ನಿರ್ವಾಹಕ | ರಾತ್ರಿ 10:15

ಕಾರ್ಖಾನೆಯ ಹೆಸರು, ಜನರ ಹೆಸರು ಯಾರೂ ಬರೆಯಬೇಡಿ, ಊಹೆ ಮಾಡಿಯೂ ಬರೆಯಬೇಡಿ. ಕೂಡ್ಲೂರಿನಲ್ಲಿ ಕ್ಯೂರಿಂಗ್ ಒಂದೇ ಅಲ್ಲ.

ಕೋರ್ಟ್ ಹಿಂದಿನ ಕ್ಯಾಂಟೀನ್ | ಫೆಬ್ರವರಿ 9, ಬೆಳಿಗ್ಗೆ 6:50

ನಾನು ವಕೀಲ, ಮಡಿಕೇರಿ ಕಡೆಯವನು. ಕಾರ್ಮಿಕರ ಕೇಸು ದಿನಾ ನೋಡುವವನಲ್ಲ, ಆದರೆ ಇಷ್ಟು ಗೊತ್ತು.

ಮೊದಲು ನಿಮ್ಮ ನಿದ್ದೆ ಕೆಡಿಸಿದ ಪ್ರಶ್ನೆ. ಅರ್ಜಿ ಬಿದ್ದಿಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ 4ನೇ ಸೆಕ್ಷನ್ನಿನಲ್ಲೇ ಇದಕ್ಕೆ ಉತ್ತರ ಇತ್ತು. ಅರ್ಜಿ ಹಾಕಿದ ಮೇಲೆ ಸಹಿ ಹಾಕಿದವರಲ್ಲಿ ಕೆಲವರು ಹಿಂದೆ ಸರಿದರೂ, ಅವರು ಒಟ್ಟು ಅರ್ಜಿದಾರರ ಅರ್ಧಕ್ಕಿಂತ ಹೆಚ್ಚಿಲ್ಲದಿದ್ದರೆ, ಆ ಒಂದೇ ಕಾರಣಕ್ಕೆ ಅರ್ಜಿ ಅಸಿಂಧು ಆಗುವುದಿಲ್ಲ. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಮಾತನ್ನು ಹಾಗೇ ಉಳಿಸಿಕೊಂಡಿದೆ. 11 ಜನ ಸಹಿ ಹಾಕಿದ್ದೀರಿ, ಅರ್ಧ ಅಂದರೆ ಐದೂವರೆ. ಐದು ಜನ ಹೋದರೂ ಅರ್ಜಿ ನಿಲ್ಲುತ್ತದೆ. ಆರನೆಯವರು ಹೋದರೆ ಕಷ್ಟ. ಸದಸ್ಯರ ಲೆಕ್ಕ ಬೇರೆ: ಕಾರ್ಖಾನೆಯ ಕಾರ್ಮಿಕರಲ್ಲಿ ನೂರಕ್ಕೆ 10 ಅಥವಾ 100 ಜನ, ಯಾವುದು ಕಡಿಮೆಯೋ ಅದು, 7ಕ್ಕಿಂತ ಕಡಿಮೆ ಇರಬಾರದು. 140ಕ್ಕೆ 14 ಸಾಕು. 22ರಲ್ಲಿ 4 ಕಳೆದರೂ ನೀವು 18 ಇದ್ದೀರಿ.

ಇನ್ನು ಸ್ವೀಟ್ ಬಾಕ್ಸ್. ಅದು ಅಪರಾಧ ಅಲ್ಲ ಬಿಡಿ. ಆದರೆ ಕೂಲಿ ಹೆಚ್ಚಿಸಿದ್ದರ ವಿಷಯ ನೀವು ಅಂದುಕೊಂಡಷ್ಟು ಸಾದಾ ಅಲ್ಲ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಗೆ 1982ರ ತಿದ್ದುಪಡಿಯಲ್ಲಿ ಐದನೇ ಅನುಸೂಚಿ ಅಂತ ಒಂದು ಪಟ್ಟಿ ಸೇರಿತು, 'ಅನುಚಿತ ಕಾರ್ಮಿಕ ಪದ್ಧತಿ'ಗಳ ಪಟ್ಟಿ. ಈಗ ಅದೇ ಪಟ್ಟಿ ಹೊಸ ಸಂಹಿತೆಯ ಎರಡನೇ ಅನುಸೂಚಿ. ಅದರ ಮೊದಲ ಬಾಬ್ತೇ ಸಂಘ ಕಟ್ಟುವ ಹಕ್ಕಿನಲ್ಲಿ ಕೈಹಾಕುವುದು, ತಡೆಯುವುದು, ಬಲವಂತ ಮಾಡುವುದು. ಉದಾಹರಣೆಯನ್ನೂ ಅದೇ ಕೊಡುತ್ತದೆ. ಸೇರಿದರೆ ಕೆಲಸದಿಂದ ತೆಗೆಯುತ್ತೇವೆ ಅನ್ನುವುದು, ಸಂಘ ಆದರೆ ಬೀಗ ಹಾಕುತ್ತೇವೆ ಅನ್ನುವುದು. ಮೂರನೆಯದನ್ನು ನೋಡಿ: ಸಂಘ ಕಟ್ಟುತ್ತಿರುವ ನಿರ್ಣಾಯಕ ಹೊತ್ತಿನಲ್ಲಿ, ಆ ಪ್ರಯತ್ನ ಕೆಡಿಸುವ ಉದ್ದೇಶದಿಂದ ಕೂಲಿ ಹೆಚ್ಚಿಸುವುದು. ಕಾನೂನು ಬರೆದವರು ಲೋಕ ಕಂಡವರು. ಮಾಲೀಕರೇ ಮುಂದೆ ನಿಂತು ಸಂಘ ಹುಟ್ಟಿಸುವುದು, ಆಡಳಿತ ನೀತಿ ಅಂತ ಹೆಸರು ಹೇಳಿ ದುರುದ್ದೇಶದಿಂದ ವರ್ಗ ಮಾಡುವುದು, ಕಾಯಂ ಹಕ್ಕು ತಪ್ಪಿಸಲು ವರ್ಷಾನುಗಟ್ಟಲೆ ಬದಲಿ, ತಾತ್ಕಾಲಿಕ ಅಂತಲೇ ಇಟ್ಟುಕೊಳ್ಳುವುದು, ಇವೆಲ್ಲ ಅದೇ ಪಟ್ಟಿಯಲ್ಲಿವೆ. ನಿಮ್ಮ ಒಂಬತ್ತು ಬ್ರೇಕೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಇದರಲ್ಲಿ ಪ್ರತಿಯೊಂದಕ್ಕೂ ಅವರ ಹತ್ತಿರ ಸಮಜಾಯಿಷಿ ಇರುತ್ತದೆ. ಕೂಲಿ ಯಾವಾಗಲೂ ಹೆಚ್ಚಿಸಬಹುದು, ವರ್ಗ ಯಾವಾಗಲೂ ಮಾಡಬಹುದು. ಸಿಕ್ಕಿಹಾಕಿಕೊಳ್ಳುವುದು ದಿನಾಂಕದಲ್ಲಿ. 5ಕ್ಕೆ ಅರ್ಜಿ, 9ಕ್ಕೆ ಮನೆಗೆ ಭೇಟಿ, 12ಕ್ಕೆ ಕೂಲಿ, 19ಕ್ಕೆ ವರ್ಗ. ಇದನ್ನು ಒಂದು ನೋಟ್‌ಬುಕ್ಕಿನಲ್ಲಿ ಈವತ್ತೇ ಬರೆದಿಡಿ. ಯಾರು, ಎಷ್ಟು ಗಂಟೆಗೆ, ಯಾರ ಎದುರಿಗೆ, ಯಾವ ಮಾತು. ನೋಟಿಸ್ ಬೋರ್ಡಿನ ಫೋಟೋ ತೆಗೆದಿಡಿ. ಖಾಲಿ ಕಾಗದಕ್ಕೆ ಯಾರೂ ಸಹಿ ಹಾಕಬೇಡಿ.

ಆರೆಕರೆ ರೋಬಸ್ಟಾ | ಫೆಬ್ರವರಿ 9, ಮಧ್ಯಾಹ್ನ 1:20

ಬೈಯಬೇಡಿ, ಇನ್ನೊಂದು ಕಡೆಯದ್ದೂ ಯಾರಾದರೂ ಹೇಳಬೇಕಲ್ಲ.

ನಾನು ದೊಡ್ಡ ಪ್ಲಾಂಟರ್ ಅಲ್ಲ, ಹೆಸರಲ್ಲೇ ಇದೆ. ಕಣದಲ್ಲಿ ಕಾಫಿ ಹರವಿದಾಗ ಒಂದು ಅಕಾಲಿಕ ಮಳೆ ಬಂದರೆ ವರ್ಷದ ಗಂಜಿ ಹೋಯ್ತು. ಈ ಎರಡು ಮೂರು ತಿಂಗಳು ಕ್ಯೂರಿಂಗ್ ನಿಂತರೆ ಪೆಟ್ಟು ಬೀಳುವುದು ಸಾಹುಕಾರರಿಗೆ ಮಾತ್ರ ಅಲ್ಲ. ಯೂನಿಯನ್ ಅಂದರೆ ಹೊರಗಿನ ಲೀಡರ್ ಬರ್ತಾನೆ, ಬಾವುಟ ನೆಡ್ತಾನೆ, ಸೀಸನ್ ಮಧ್ಯದಲ್ಲಿ ಗೇಟ್ ಬಂದ್ ಮಾಡಿಸ್ತಾನೆ, ಕೊನೆಗೆ ಫ್ಯಾಕ್ಟರಿ ಹಾಸನಕ್ಕೋ ಹುಣಸೂರಿಗೋ ಹೋಗುತ್ತೆ. ಕೊಡಗಿನಲ್ಲಿ ಫ್ಯಾಕ್ಟರಿ ಇರೋದೇ ಎಷ್ಟು? ಇಷ್ಟು ದಿನ ಒಂದು ಕುಟುಂಬದ ಹಾಗೆ ನಡೀತಿತ್ತು. ಅಕ್ಕನ ಅತ್ತೆ ಹತ್ತಿರ ಮ್ಯಾನೇಜರ್ ಹೋಗಿ ಮಾತಾಡಿದ್ದು ಕೂಡ ಅದೇ ಸಲುಗೆಯಲ್ಲಿ ಇರಬಹುದಲ್ಲ.

ಬೀಜ ಆರಿಸುವವಳು | ಫೆಬ್ರವರಿ 9, ರಾತ್ರಿ 8:55

ಅಣ್ಣ, ಬೈಯೋದಿಲ್ಲ. ನನ್ನ ತಂದೆಯೂ ಕಣ ಕಾದವರೇ.

ಕುಟುಂಬ ಅಂದ್ರಲ್ಲ. ಒಂಬತ್ತು ವರ್ಷದಲ್ಲಿ ನನ್ನ ಮಾವ ತೀರಿಕೊಂಡರು, ನನಗೆ ಆಪರೇಷನ್ ಆಯ್ತು, ಆಗ ಯಾರೂ ಮನೆ ಹುಡುಕಿಕೊಂಡು ಬರಲಿಲ್ಲ. ಅವತ್ತು ಮ್ಯಾನೇಜರ್‌ಗೆ ನಮ್ಮ ಮನೆ ದಾರಿಯೇ ಗೊತ್ತಿರಲಿಲ್ಲ, ತಿರುವಿನಲ್ಲಿರೋ ಅಂಗಡಿಯಲ್ಲಿ ಕೇಳಿಕೊಂಡು ಬಂದ್ರಂತೆ.

ಸೀಸನ್‌ನಲ್ಲಿ ಗೇಟ್ ಮುಚ್ಚಿಸೋ ಆಸೆ ನಮಗ್ಯಾರಿಗೂ ಇಲ್ಲ. ನಮಗೆ ಸಂಬಳ ಸಿಗೋದೂ ಆಗಲೇ ಅಲ್ವಾ.

ಕೋರ್ಟ್ ಹಿಂದಿನ ಕ್ಯಾಂಟೀನ್ | ಫೆಬ್ರವರಿ 9, ರಾತ್ರಿ 9:30

ಆರೆಕರೆಯವರಿಗೆ ಎರಡು ಮಾತು. ಹೊಸ ಸಂಹಿತೆಯ ಪ್ರಕಾರ ಯಾವ ಕಾರ್ಖಾನೆಯಲ್ಲೂ 14 ದಿನದ ನೋಟಿಸ್ ಇಲ್ಲದೆ ಮುಷ್ಕರ ಹೂಡುವ ಹಾಗಿಲ್ಲ. ರಾತ್ರೋರಾತ್ರಿ ಗೇಟ್ ಬಂದ್ ಅನ್ನುವ ಭಯಕ್ಕೆ ಅಷ್ಟು ಆಧಾರ ಇಲ್ಲ.

ಹೊರಗಿನ ಲೀಡರ್ ವಿಷಯ. ಪದಾಧಿಕಾರಿಗಳಲ್ಲಿ ಹೊರಗಿನವರು ಮೂರರಲ್ಲಿ ಒಂದು ಭಾಗ ಅಥವಾ ಐದು ಜನ, ಯಾವುದು ಕಡಿಮೆಯೋ ಅಷ್ಟೇ ಇರಬಹುದು ಅಂತ 2001ರ ತಿದ್ದುಪಡಿಯಲ್ಲೇ ಆಗಿದೆ. ಹೊರಗಿನವರನ್ನು ಪೂರ್ತಿ ಯಾಕೆ ಬೇಡ ಅನ್ನಲಿಲ್ಲ ಅಂದರೆ ಅದಕ್ಕೊಂದು ಕಥೆ ಇದೆ. 1918ರಲ್ಲಿ ಮದ್ರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಮಿಲ್ಲಿನ ಕಾರ್ಮಿಕರು ಬಿ.ಪಿ. ವಾಡಿಯಾ ಅವರನ್ನು ಮುಂದಿಟ್ಟುಕೊಂಡು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. ವಾಡಿಯಾ ಮಿಲ್ಲಿನವರಲ್ಲ, ಥಿಯಾಸಾಫಿಕಲ್ ಸೊಸೈಟಿಯವರು. ಆಮೇಲೆ ಗಲಾಟೆ ಬೆಳೆದಾಗ ಮಿಲ್ಲು ನಡೆಸುತ್ತಿದ್ದ ಬಿನ್ನಿ ಕಂಪನಿ ಹೈಕೋರ್ಟಿಗೆ ಹೋಗಿ ವಾಡಿಯಾ ಮೇಲೆ ತಡೆಯಾಜ್ಞೆ ತಂದಿತು, ನಷ್ಟ ಪರಿಹಾರವನ್ನೂ ಕೇಳಿತು. ಕೆಲಸಗಾರರನ್ನು ಸೇರಿಸಿದ್ದಕ್ಕೇ ಮನೆ ಮಠ ಕಳೆದುಕೊಳ್ಳುವ ಸ್ಥಿತಿ. ಅದನ್ನು ನೋಡಿ ಎನ್.ಎಂ. ಜೋಶಿಯವರು 1921ರಲ್ಲಿ ಶಾಸನಸಭೆಯಲ್ಲಿ ಸಂಘಗಳಿಗೆ ಕಾನೂನಿನ ರಕ್ಷಣೆ ಬೇಕೆಂದು ನಿರ್ಣಯ ಮಂಡಿಸಿದರು. ಅದರ ಫಲವೇ 1926ರ ಕಾಯ್ದೆ.

ಹೊರಗಿನವನಿಗೆ ಇರುವ ಒಂದೇ ಅನುಕೂಲ: ಅವನನ್ನು ಗೋಡೌನಿಗೆ ವರ್ಗ ಮಾಡಲು ಆಗುವುದಿಲ್ಲ.

ಕೊಪ್ಪ ಸೇತುವೆ | ರಾತ್ರಿ 9:41

ಕೊನೆಯ ಸಾಲು 👌

ಹಳೇ ರೈಟರ್ | ಫೆಬ್ರವರಿ 10, ಬೆಳಗಿನ ಜಾವ 5:10

ಲೈನ್‌ಮನೆ ಮಾತು ಓದಿದ ಮೇಲೆ ನಿದ್ದೆ ಬರಲಿಲ್ಲ, ಎದ್ದು ಬರೆಯುತ್ತಿದ್ದೇನೆ.

ನಾನು 1984ರಿಂದ ಇಪ್ಪತ್ತೇಳು ವರ್ಷ ಸಿದ್ದಾಪುರ ಕಡೆಯ ಒಂದು ತೋಟದಲ್ಲಿ ರೈಟರಾಗಿದ್ದವನು. ತೋಟ ಯಾವುದು ಅನ್ನುವುದು ಬೇಡ, ಈಗ ಕೈ ಬದಲಾಗಿದೆ. ಸಂತೆ ದಿನ ಪೇಟೆಯಲ್ಲಿ ಯೂನಿಯನ್‌ನವರು ಮೀಟಿಂಗ್ ಮಾಡುತ್ತಿದ್ದರು. ಅವತ್ತು ನಾನೂ ಸಂತೆಗೆ ಹೋಗಬೇಕು, ಇದು ದೊರೆಗಳ ಮಾತು. ತರಕಾರಿ ತರುವುದು, ಹಾಗೇ ಯಾರು ಯಾರು ನಿಂತು ಭಾಷಣ ಕೇಳಿದರು ನೋಡಿಕೊಂಡು ಬರುವುದು. ಸೋಮವಾರ ಬೆಳಿಗ್ಗೆ ಚೆಕ್‌ರೋಲ್‌ನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಅವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಬೇರೆ ಏನೂ ಬರೆಯುವಂತಿಲ್ಲ. ಚುಕ್ಕೆ ಅಳಿಸಿದರೂ ಹೋಗುತ್ತದೆ, ಯಾರಾದರೂ ಕೇಳಿದರೆ ಪೆನ್ಸಿಲ್ ಬಿತ್ತು ಅನ್ನಬಹುದು.

ಚುಕ್ಕೆ ಬಿದ್ದವರನ್ನು ಕೆಲಸದಿಂದ ತೆಗೆದದ್ದು ನನಗೆ ನೆನಪಿಲ್ಲ. ಒಬ್ಬನನ್ನೂ ಇಲ್ಲ. ಅವರಿಗೆ ದೂರದ ಬ್ಲಾಕ್ ಬೀಳುತ್ತಿತ್ತು, ಇಳಿಜಾರಿನ ಕಡೆ ಕಾಡು ಕಡಿಯುವ ಕೆಲಸ ಬೀಳುತ್ತಿತ್ತು. ಕಾಫಿ ಕುಯ್ಲಿನಲ್ಲಿ ಹಣ್ಣು ತೆಳುವಾಗಿರುವ ಸಾಲು ಸಿಗುತ್ತಿತ್ತು. ಮಗಳ ಮದುವೆಗೆ ಅಡ್ವಾನ್ಸ್ ಕೇಳಿದರೆ "ನೋಡೋಣ" ಅನ್ನುವುದು. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಲೈನ್‌ಮನೆಗಳ ಒಡೆದ ಹೆಂಚು ಬದಲಿಸುತ್ತೇವಲ್ಲ, ಆ ಪಟ್ಟಿ ಬರೆಯುವವನೂ ನಾನೇ. ಚುಕ್ಕೆ ಇದ್ದವರ ಮನೆಗೆ ಹೆಂಚು ಬರುವ ಹೊತ್ತಿಗೆ ಜುಲೈ. ಕೊಡಗಿನ ಜುಲೈ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಒಬ್ಬ ಮುದುಕಿ ಎರಡು ಮಳೆಗಾಲ ಪ್ಲಾಸ್ಟಿಕ್ ಕಟ್ಟಿಕೊಂಡು ಮಲಗಿದಳು, ಅವಳ ಮಗನ ಹೆಸರಿನ ಮುಂದೆ ನಾನೇ ಇಟ್ಟ ಚುಕ್ಕೆಗಾಗಿ. ಅವಳಿಗೆ ಕಾರಣ ಕೊನೆಗೂ ಗೊತ್ತಾಗಲಿಲ್ಲ. ನನ್ನನ್ನು ಕಂಡರೆ ಕೈ ಮುಗಿಯುತ್ತಿದ್ದಳು.

ತಮಾಷೆ ಏನೆಂದರೆ, ಸಂಘ ಕಟ್ಟುವುದನ್ನು ನಮಗೆ ತೋರಿಸಿಕೊಟ್ಟವರೇ ಪ್ಲಾಂಟರುಗಳು. ದಕ್ಷಿಣ ಭಾರತದ ತೋಟದ ಮಾಲೀಕರೆಲ್ಲ ಸೇರಿ ಉಪಾಸಿ ಅಂತ ಮಾಡಿಕೊಂಡದ್ದು 1893ರಲ್ಲಿ. ಕೆಲಸಗಾರರಿಗೆ ಟ್ರೇಡ್ ಯೂನಿಯನ್ ಕಾಯ್ದೆ ಬಂದದ್ದು ಅದಾಗಿ 33 ವರ್ಷಕ್ಕೆ. ದೊರೆಗಳು ಕುನೂರಿಗೆ ಮೀಟಿಂಗಿಗೆ ಹೋದಾಗ ಅವರ ಹೆಸರಿನ ಮುಂದೆ ಚುಕ್ಕೆ ಇಟ್ಟವರು ಯಾರೂ ಇಲ್ಲ.

ಆ ಹುಡುಗಿಗೆ ಹೇಳಿ, "ಮನೆ ರಿಪೇರಿಗೆ ಬೇಕು" ಅಂದರೆ ಯಾವ ರಿಪೇರಿ, ಲೈನಿನಲ್ಲಿ ಬೇರೆ ಯಾರ ಮನೆಗೆ ಹೀಗೆ ಹೇಳಿದ್ದಾರೆ ಅಂತ ಕೇಳಲಿ. ಕೇಳಿದ ತಾರೀಕು ಬರೆದಿಡಲಿ. ರೈಟರಿಗೆ ಪ್ರಶ್ನೆ ಕೇಳಿಸಿಕೊಂಡು ಅಭ್ಯಾಸ ಇರುವುದಿಲ್ಲ. ನನಗೆ ಇರಲಿಲ್ಲ.

ಆರೆಕರೆ ರೋಬಸ್ಟಾ | ಫೆಬ್ರವರಿ 10, ಬೆಳಿಗ್ಗೆ 8:02

ರೈಟರ್ ಸಾರ್, ಇದನ್ನು ಓದಿ ಕಾಫಿ ತಣ್ಣಗಾಯ್ತು.

ಕೋರ್ಟ್ ಹಿಂದಿನ ಕ್ಯಾಂಟೀನ್ | ಫೆಬ್ರವರಿ 10, ಬೆಳಿಗ್ಗೆ 8:40

ಉಪಾಸಿ ಮಾತು ಬಂತಲ್ಲ. 1926ರ ಕಾಯ್ದೆಯಲ್ಲಿ 'ಟ್ರೇಡ್ ಯೂನಿಯನ್' ಪದಕ್ಕೆ ಕೊಟ್ಟ ಅರ್ಥ ನೋಡಿ: ಕೆಲಸಗಾರ ಮತ್ತು ಮಾಲೀಕರ ನಡುವಿನ ಸಂಬಂಧ, ಕೆಲಸಗಾರರ ನಡುವಿನದು, ಮಾಲೀಕ ಮಾಲೀಕರ ನಡುವಿನದೂ ಸೇರಿ. ಮಾಲೀಕರ ಕೂಟವೂ ಆ ಕಾಯ್ದೆಯಡಿ ಟ್ರೇಡ್ ಯೂನಿಯನ್ನೇ ಆಗಬಹುದಿತ್ತು.

ಎಚ್‌ಆರ್ ಬಿಟ್ಟು ಬಂದವಳು | ಫೆಬ್ರವರಿ 10, ರಾತ್ರಿ 10:20

ಹಳೇ ರೈಟರ್ ಬರೆದ ಮೇಲೆ ನನಗೂ ಧೈರ್ಯ ಬಂತು. ನಾನು ಸೋಮವಾರಪೇಟೆಯವಳು, ಬೆಂಗಳೂರಿನ ಹೊರಗಿನ ಒಂದು ಬಿಡಿಭಾಗ ಕಾರ್ಖಾನೆಯಲ್ಲಿ ಆರು ವರ್ಷ ಎಚ್‌ಆರ್ ಆಗಿದ್ದೆ. ಅಲ್ಲಿ ಚುಕ್ಕೆ ಇಲ್ಲ, ಎಕ್ಸೆಲ್ ಶೀಟ್. ಹಸಿರು, ಹಳದಿ, ಕೆಂಪು. ಕ್ಯಾಂಟೀನ್‌ನಲ್ಲಿ ಯಾರ ಜೊತೆ ಯಾರು ಕೂತು ಉಣ್ತಾರೆ ಅನ್ನೋದರಿಂದ ಹಿಡಿದು ವಾಟ್ಸಾಪ್ ಗ್ರೂಪಿನಲ್ಲಿ ಯಾರು ಹೆಬ್ಬೆಟ್ಟು ಒತ್ತಿದರು ಅನ್ನೋವರೆಗೆ ಅದರಲ್ಲಿ ಇರ್ತಿತ್ತು. ಕೆಂಪು ಬಣ್ಣದವರ ಮನೆಗೆ ಫೋನ್ ಮಾಡೋ ಕೆಲಸ ನನ್ನದು, ಯಾಕಂದ್ರೆ ನಾನು ಹೆಂಗಸು, ತಾಯಂದಿರು ನನ್ನ ಹತ್ತಿರ ಮಾತಾಡ್ತಾರೆ. "ನಿಮ್ಮ ಮಗ ಒಳ್ಳೆಯವನು, ಸಹವಾಸ ಸರಿಯಿಲ್ಲ." ಅಕ್ಕ, ನಿಮ್ಮ ಮ್ಯಾನೇಜರ್ ಹೇಳಿದ ಮಾತು ಓದಿದಾಗ ನಗು ಬಂತು, ಆಮೇಲೆ ಹೊಟ್ಟೆ ಕಿವುಚಿತು. ಅಕ್ಷರಶಃ ನಾನು ಹೇಳ್ತಿದ್ದ ಮಾತು.

ಆ 'ಕಲ್ಯಾಣ ಸಮಿತಿ'ಯನ್ನು ಹಗುರವಾಗಿ ತಗೋಬೇಡಿ. ಇದು ಕೊಡಗಿನಲ್ಲಿ ಹುಟ್ಟಿದ ಉಪಾಯ ಅಲ್ಲ. 2024ರಲ್ಲಿ ತಮಿಳುನಾಡಿನ ಶ್ರೀಪೆರಂಬದೂರಿನ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ ಸೆಪ್ಟೆಂಬರ್ 9ರಿಂದ ಮುಷ್ಕರ ನಡೆದದ್ದು ಪೇಪರಲ್ಲಿ ಎಲ್ಲರೂ ಓದಿದ್ದೀರಿ. ಒಂದು ತಿಂಗಳಿಗಿಂತ ಜಾಸ್ತಿ ನಡೀತು. ಮುಖ್ಯ ಬೇಡಿಕೆಯೇ ಯೂನಿಯನ್ ಒಪ್ಪಿಕೊಳ್ಳಿ ಅನ್ನೋದು. ಮುಷ್ಕರದ ಮಧ್ಯದಲ್ಲಿ ಕಂಪನಿ ಬೇರೊಂದು ಕಾರ್ಮಿಕರ ಸಮಿತಿ ಜೊತೆ ಒಪ್ಪಂದ ಮಾಡಿಕೊಂಡು ತಿಂಗಳಿಗೆ 5,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತು. ಯೂನಿಯನ್ ಹೆಸರಲ್ಲಿ 'ಸ್ಯಾಮ್‌ಸಂಗ್' ಪದ ಇರಬಾರದು ಅಂತ ಕಂಪನಿ ತಕರಾರು ತೆಗೆದಿತ್ತು. ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಗಿ, ನೋಂದಣಿ ಸಿಕ್ಕಿದ್ದು 2025ರ ಜನವರಿಯಲ್ಲಿ. ಅದಕ್ಕೂ ಮುಂಚೆ, 2011ರಲ್ಲಿ, ಮಾನೇಸರದ ಮಾರುತಿ ಕಾರ್ಖಾನೆಯಲ್ಲಿ ಒಳಗೆ ಬರಬೇಕಾದರೆ 'ಸನ್ನಡತೆಯ ಮುಚ್ಚಳಿಕೆ'ಗೆ ಸಹಿ ಹಾಕಿ ಅಂದಿದ್ರು.

ಹೊಸ ಸಂಹಿತೆಯಲ್ಲಿ ಒಂದು ತಿರುವು ಇದೆ, ವಕೀಲರು ತಪ್ಪಿದ್ದರೆ ತಿದ್ದಲಿ. ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದರೆ ನೂರಕ್ಕೆ 51 ಕಾರ್ಮಿಕರು ಇರೋ ಯೂನಿಯನ್‌ಗೆ ಮಾತ್ರ ಮಾತುಕತೆಯ ಏಕೈಕ ಹಕ್ಕು. ಯಾರಿಗೂ 51 ಇಲ್ಲ ಅಂದರೆ ನೂರಕ್ಕೆ 20 ಇರುವವರೆಲ್ಲ ಸೇರಿ ಒಂದು ಮಂಡಳಿ. ಅಂದ್ರೆ ಈಗ ಯೂನಿಯನ್ ಒಡೆಯೋದಕ್ಕಿಂತ ಇನ್ನೊಂದು ಯೂನಿಯನ್ ಹುಟ್ಟಿಸೋದೇ ಸುಲಭ. ಆ ಏಳು ಜನರ ಸಮಿತಿ ನಾಳೆ ನೋಂದಣಿಗೆ ಅರ್ಜಿ ಹಾಕುತ್ತಾ ಅಂತ ಕಣ್ಣಿಡಿ.

ಕೋರ್ಟ್ ಹಿಂದಿನ ಕ್ಯಾಂಟೀನ್ | ರಾತ್ರಿ 10:52

ಸರಿಯಾಗಿಯೇ ಹೇಳಿದ್ದೀರಿ. ಇನ್ನೊಂದು ಮಾತು, 100 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ವರ್ಕ್ಸ್ ಕಮಿಟಿ, ಅಂದರೆ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳ ಸಮಿತಿ, ಅಂತ ಕಾನೂನಿನಲ್ಲೇ ಇದೆ. ಆದರೆ ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳನ್ನು ಆಫೀಸಿನಲ್ಲಿ ಟೈಪ್ ಮಾಡಿ ಕಳಿಸುವಂತಿಲ್ಲ.

ಕಿರುಗೂರು ಗದ್ದೆ | ಫೆಬ್ರವರಿ 11, ಸಂಜೆ 6:15

ಇಷ್ಟೆಲ್ಲ ಕಾನೂನು ಹೇಳ್ತೀರಲ್ಲ ವಕೀಲರೇ, ಇದುವರೆಗೆ ಎಷ್ಟು ಮಾಲೀಕರು ಜೈಲಿಗೆ ಹೋಗಿದ್ದಾರೆ? ನನ್ನ ಚಿಕ್ಕಪ್ಪನ ಕೇಸು ಮೈಸೂರು ಕಾರ್ಮಿಕ ನ್ಯಾಯಾಲಯದಲ್ಲಿ ಹನ್ನೊಂದು ವರ್ಷ ನಡೀತು. ತೀರ್ಪು ಅವರ ಕಡೆಗೇ ಆಯ್ತು, ಅಷ್ಟರಲ್ಲಿ ರಿಟೈರ್ ಆಗೋ ವಯಸ್ಸು ದಾಟಿತ್ತು. ಮೈಸೂರಿಗೆ ಓಡಾಡಿದ ಬಸ್ ಟಿಕೆಟ್ ಎಲ್ಲ ಚಿಕ್ಕಮ್ಮ ಒಂದು ಬಿಸ್ಕತ್ ಡಬ್ಬಿಯಲ್ಲಿ ತುಂಬಿಟ್ಟಿದ್ದಾರೆ.

ಕೋರ್ಟ್ ಹಿಂದಿನ ಕ್ಯಾಂಟೀನ್ | ಫೆಬ್ರವರಿ 11, ರಾತ್ರಿ 8:30

ನಿಮ್ಮ ಸಿಟ್ಟು ನ್ಯಾಯವಾದದ್ದು. ಹಳೆಯ ಕಾಯ್ದೆಯಲ್ಲಿ ಅನುಚಿತ ಪದ್ಧತಿಗೆ ಆರು ತಿಂಗಳ ಜೈಲು ಅಥವಾ 1,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಇತ್ತು. ಆದರೆ ಸರ್ಕಾರ ದೂರು ಕೊಟ್ಟರೆ ಅಥವಾ ದೂರಿಗೆ ಅಧಿಕಾರ ಕೊಟ್ಟರೆ ಮಾತ್ರ ಕೋರ್ಟು ಕಣ್ಣೆತ್ತಿ ನೋಡಬೇಕು. ಕಾರ್ಮಿಕನೇ ಹೋಗಿ ಬಾಗಿಲು ಬಡಿಯುವಂತಿರಲಿಲ್ಲ. ಮಹಾರಾಷ್ಟ್ರದಲ್ಲಿ 1971ರ ಪ್ರತ್ಯೇಕ ಕಾಯ್ದೆಯಿಂದ ಸಂಘವೋ ಕಾರ್ಮಿಕನೋ ನೇರವಾಗಿ ದೂರು ಕೊಡಬಹುದಿತ್ತು. ನಮ್ಮಲ್ಲಿ ಅಂಥದ್ದು ಬರಲಿಲ್ಲ. ಹೊಸ ಸಂಹಿತೆ ಜೈಲು ತೆಗೆದು ದಂಡವನ್ನು 10,000ದಿಂದ 2 ಲಕ್ಷಕ್ಕೆ ಏರಿಸಿದೆ.

ಭಾರತ ಸಂಘ ಸ್ವಾತಂತ್ರ್ಯದ ಕುರಿತಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 87 ಮತ್ತು 98ನೇ ಒಡಂಬಡಿಕೆಗಳನ್ನು ಇನ್ನೂ ಅನುಮೋದಿಸಿಲ್ಲ. ಸಂವಿಧಾನದ 19(1)(ಸಿ) ಸಂಘ ಕಟ್ಟುವ ಹಕ್ಕು ಕೊಡುತ್ತದೆ, ಆದರೆ ಕಟ್ಟಿದ ಸಂಘದ ಜೊತೆ ಮಾಲೀಕ ಮಾತಾಡಲೇಬೇಕು ಅನ್ನುವ ಹಕ್ಕು ಅದರೊಳಗೆ ತಾನಾಗಿ ಸೇರುವುದಿಲ್ಲ. 1961ರಲ್ಲಿ ಬ್ಯಾಂಕ್ ನೌಕರರ ಕೇಸಿನಲ್ಲಿ ಸುಪ್ರೀಂ ಕೋರ್ಟು ಹಾಕಿದ ಗೆರೆ ಅದು.

ಹಾಗಾದರೆ ನೋಟ್‌ಬುಕ್ ಯಾಕೆ ಅಂತೀರಾ? ಮಾಲೀಕರನ್ನು ಜೈಲಿಗೆ ಕಳಿಸಲು ಅಲ್ಲ. ನಾಳೆ ಅಕ್ಕನನ್ನು ಕೆಲಸದಿಂದ ತೆಗೆದರೆ 'ಕಳ್ಳತನ', 'ಅಶಿಸ್ತು' ಅಂತ ಏನೋ ಬರೆಯುತ್ತಾರೆ. ನಿಜವಾದ ಕಾರಣ ತೋರಿಸಲು ಬೇರೆ ಸಾಕ್ಷಿ ಇರುವುದಿಲ್ಲ. ತೆಗೆದುಹಾಕಿದ ವಿವಾದ ಎತ್ತಲು ಈಗ ಎರಡೇ ವರ್ಷದ ಅವಧಿ, ಮೊದಲು ಮೂರು ಇತ್ತು. ಸುಮ್ಮನೆ ಕೂರಬೇಡಿ.

ಕಿರುಗೂರು ಗದ್ದೆ | ರಾತ್ರಿ 8:47

ಆ ಬಿಸ್ಕತ್ ಡಬ್ಬಿ ಬೇಕಾದರೆ ಹೇಳಿ, ಸಾಕ್ಷಿಗೆ ಕೊಡಿಸ್ತೀನಿ.

ಬೀಜ ಆರಿಸುವವಳು | ಫೆಬ್ರವರಿ 15, ಮಧ್ಯಾಹ್ನ 3:30

ಭಾನುವಾರ, ಸ್ವಲ್ಪ ಬಿಡುವು. 200 ಪುಟದ ನೋಟ್‌ಬುಕ್ ತಂದಿದ್ದೇನೆ, ಮಗನ ಕೈಯಲ್ಲಿ ತಾರೀಕು ಹಾಕಿಸಿ ಬರೆಸ್ತಾ ಇದ್ದೀನಿ. ಅವನಿಗೆ ಇದು ಪಿಯುಸಿಗಿಂತ ಇಷ್ಟ.

ಮೊನ್ನೆ ಐದನೆಯವರೂ ಸಹಿ ವಾಪಸ್ ಕೊಟ್ಟರು. ಅವರ ತಮ್ಮನಿಗೆ ಡ್ರೈವರ್ ಕೆಲಸ ಕೊಟ್ಟಿದ್ದಾರೆ. ಅವರ ಮೇಲೆ ನನಗೆ ಕೋಪ ಇಲ್ಲ, ಎರಡು ವರ್ಷದಿಂದ ಆ ಹುಡುಗ ಖಾಲಿ ಇದ್ದ. ಈಗ ನಾವು ಆರು ಜನ. ಒಬ್ಬರು ಹೋದರೂ ಮುಗೀತು. ಅದು ಆಫೀಸಿಗೂ ಗೊತ್ತಾದ ಹಾಗಿದೆ, ಈ ವಾರ ಪೂರ್ತಿ ಎಲ್ಲರ ಮಾತೂ ಲೈನ್‌ಮನೆಯವಳ ಹತ್ತಿರ ಮಾತ್ರ. ಸೂಪರ್‌ವೈಸರ್ ಅವಳನ್ನು "ಅಮ್ಮ" ಅಂತಾನೆ ಈಗ. ಮೊದಲು ಕೂಗ್ತಿದ್ದದ್ದು "ಏಯ್" ಅಂತ.

ರೈಟರ್ ಸಾರ್ ಹೇಳಿದ ಹಾಗೆ ಅವಳ ಗಂಡ ಕೇಳಿದನಂತೆ, ಯಾವ ರಿಪೇರಿ, ಬೇರೆ ಯಾರಿಗೆ ಹೇಳಿದ್ದೀರಿ ಅಂತ. ತೋಟದ ರೈಟರು ಸ್ವಲ್ಪ ಹೊತ್ತು ಸುಮ್ಮನಿದ್ದು "ನಂಗೇನು ಗೊತ್ತು ಮಾರಾಯ, ಹೇಳು ಅಂದ್ರು ಹೇಳಿದೆ" ಅಂದರಂತೆ. ಅದನ್ನೂ ಬರೆಸಿದ್ದೀನಿ, 13ನೇ ತಾರೀಕು, ಬೆಳಿಗ್ಗೆ ಹಾಜರಿ ಹೊತ್ತಲ್ಲಿ, ಇಬ್ಬರು ಕೇಳಿಸಿಕೊಂಡಿದ್ದಾರೆ.

ಹಳೇ ರೈಟರ್ | ಫೆಬ್ರವರಿ 15, ಸಂಜೆ 5:00

ಆ ರೈಟರ್ ಬಡವ ಅಷ್ಟು ಹೇಳಿದ್ದೇ ದೊಡ್ಡದು. ನಾನು ಅಷ್ಟನ್ನೂ ಹೇಳಿದವನಲ್ಲ.

ಎಚ್‌ಆರ್ ಬಿಟ್ಟು ಬಂದವಳು | ಫೆಬ್ರವರಿ 15, ರಾತ್ರಿ 9:12

ಅಕ್ಕ, ಅವಳನ್ನು ನೀವು ಕೂಡ ಒತ್ತಾಯ ಮಾಡಬೇಡಿ. ಎರಡೂ ಕಡೆಯಿಂದ ಎಳೆದರೆ ಜನ ಹತ್ತಿರದ ಬಾಗಿಲಿಗೆ ಓಡ್ತಾರೆ. ಆ ಕಡೆ ಕೂತು ನಾನು ಕಲಿತದ್ದು ಅದೊಂದೇ. ನಾದಿನಿ ಹತ್ತಿರ ಮಾತ್ರ ಮಳೆ ಬಿಸಿಲು ಬಿಟ್ಟು ಬೇರೆ ಮಾತೂ ಆಡಿ. ಸಮಿತಿಯಲ್ಲಿ ಇರೋರೂ ಬ್ರೇಕ್ ತಗೊಂಡವರೇ ಅಲ್ವಾ?

ಬೀಜ ಆರಿಸುವವಳು | ಫೆಬ್ರವರಿ 22, ರಾತ್ರಿ 9:05

ಅರ್ಜಿ ಪರಿಶೀಲನೆಗೆ ಮಂಗಳವಾರ ಮಡಿಕೇರಿಗೆ ಬನ್ನಿ ಅಂತ ಕಾರ್ಮಿಕ ಇಲಾಖೆಯವರು ಹೇಳಿ ಕಳಿಸಿದ್ದಾರೆ. ಇದು ಗೊತ್ತಾದ ಮರುದಿನವೇ ಬೋರ್ಡ್‌ನಲ್ಲಿ ಇನ್ನೊಂದು ಚೀಟಿ: ಮಂಗಳವಾರ ಕೆಲಸಕ್ಕೆ ಬಂದವರಿಗೆ ಡಬಲ್ ಕೂಲಿ, ಮಧ್ಯಾಹ್ನ ಬಿರಿಯಾನಿ. ಫೋಟೋ ತೆಗೆದಿದ್ದೀನಿ.

ನಾದಿನಿ ಹತ್ತಿರ ಮಾತಾಡಿದೆ. "ಬಿರಿಯಾನಿ ನಿನ್ನ ಪಾಲಿಂದು ನಾನೇ ತಿಂತೀನಿ, ನೀನು ಹೋಗಿ ಬಾ" ಅಂದಳು. ಅದಕ್ಕಿಂತ ಜಾಸ್ತಿ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಲೈನ್‌ಮನೆಯವಳು ಏನೂ ಹೇಳ್ತಿಲ್ಲ. ಬರ್ತೀಯಾ ಅಂತ ಯಾರೂ ಕೇಳಿಲ್ಲ. ಎಂಟು ಗಂಟೆಗೆ ಕುಶಾಲನಗರ ಬಸ್ ಸ್ಟ್ಯಾಂಡ್ ಅಂತ ಮಾತ್ರ ಹೇಳಿದ್ದೀವಿ.

ಆರೆಕರೆ ರೋಬಸ್ಟಾ | ಫೆಬ್ರವರಿ 23, ರಾತ್ರಿ 8:40

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ ಅಕ್ಕ, ಸುಳ್ಳು ಹೇಳೋದಿಲ್ಲ. ಆದರೆ ನಾಳೆ ಜೀಪು ಮಡಿಕೇರಿಗೆ ಹೋಗ್ತಾ ಇದೆ, ಗೊಬ್ಬರಕ್ಕೆ. ವಾಪಸ್ ಬರುವಾಗ ಬಸ್ ತಪ್ಪಿದರೆ ಇಲ್ಲಿ ಬರೀರಿ, ಆರು ಜನ ಕೂರಬಹುದು.

ಬೀಜ ಆರಿಸುವವಳು | ಫೆಬ್ರವರಿ 24, ಬೆಳಿಗ್ಗೆ 8:34

ಬಸ್ಸಲ್ಲಿ ಇದ್ದೀವಿ, ಸುಂಟಿಕೊಪ್ಪ ಹತ್ತಿರ ಬಂತು. ಆರು ಜನ. ಅವಳು ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದಳು. ಹಿಂದಿನ ಸೀಟಲ್ಲಿ ಕಿಟಕಿ ಕಡೆ ಕೂತಿದ್ದಾಳೆ, ಮಾತಾಡ್ತಿಲ್ಲ. ಅಲ್ಲಿ ಹೋಗಿ ಏನು ಹೇಳ್ತಾಳೋ ನನಗೆ ಗೊತ್ತಿಲ್ಲ.

ಕೋರ್ಟ್ ಹಿಂದಿನ ಕ್ಯಾಂಟೀನ್ | ಬೆಳಿಗ್ಗೆ 8:36

ಎಲ್ಲರೂ ಆಧಾರ್, ಹಾಜರಿ ಕಾರ್ಡ್ ಒರಿಜಿನಲ್ ತಂದಿದ್ದೀರಾ? ಜೆರಾಕ್ಸ್ ಮಾತ್ರ ಇದ್ದರೆ ಕಷ್ಟ.

ಬೀಜ ಆರಿಸುವವಳು | ಬೆಳಿಗ್ಗೆ 8:37

ತಂದಿದ್ದೀವಿ ಸಾರ್. ಒಂಬತ್ತು ವರ್ಷದ ಒಂಬತ್ತು ಕಾರ್ಡೂ ಇದೆ.